ಒಂದನೇ ನಂಬರಿನ ಹಾಜರಿ

"ಅವರು ಹೇಳಿದ ಹಾಗೇ ಹೇಳಮ್ಮ. ನಿನ್ನ ಧ್ವನೀಲಿ ಬೇಡ, ಅವರ ಧ್ವನೀಲಿ."

"ಅಯ್ಯೋ, ನನಗೆಲ್ಲಿ ಬರುತ್ತೆ ಸಾರ್! ನಾನು ರಿಸೆಪ್ಷನ್ನು. ಅಣಕಿಸೋದೆಲ್ಲ ನಿಮ್ಮ ಇಲಾಖೆ."

ಅದು ಸುಳ್ಳಲ್ಲ. ಕೇಳುತ್ತಿದ್ದ ಮನುಷ್ಯನ ಕಸುಬು ಪತ್ತೇದಾರಿಕೆ, ಚಟ ಅಣಕು. ಹಿಡಿದದ್ದನ್ನು ಬಿಡುವುದಿಲ್ಲವೆಂದು ಪೊಲೀಸಿನವರು ಅವನಿಗೆ 'ಉಡ' ಎಂದು ಹೆಸರಿಟ್ಟಿದ್ದರು. ಹೆಸರಿಟ್ಟವರನ್ನೇ ಅವರ ಎದುರು ಅವರ ಧ್ವನಿಯಲ್ಲೇ ಆಡಿ ತೋರಿಸಿ, ಉಡ ಎರಡು ಸಲ ಠಾಣೆಯಿಂದ ಹೊರಗೆ ಹಾಕಿಸಿಕೊಂಡಿದ್ದ.

ಬೆಳಗ್ಗೆ ಒಂಬತ್ತೂವರೆಗೆ, ಉಡ ರಜೆಗೆಂದು ಬಂದಿಳಿದಿದ್ದ ಬೆಟ್ಟದ ಹೋಟೆಲಿನ ಹಿಂದಿನ ಕಲ್ಲುಮೆಟ್ಟಿಲ ಬುಡದಲ್ಲಿ ನಿವೃತ್ತ ಗಣಿತ ಮೇಷ್ಟ್ರ ಹೆಣ ಸಿಕ್ಕಿತ್ತು. ಆರಕ್ಕೇ ಪ್ರಾಣ ಹೋಗಿದೆ ಎಂದು ಡಾಕ್ಟರ್ ಅಳಿಯ ಹೇಳಿದ್ದ. ಆದರೆ ಎಂಟಕ್ಕೆ ಇಡೀ ಹೋಟೆಲು ಮೇಷ್ಟ್ರ ಧ್ವನಿಯನ್ನು ಕೇಳಿತ್ತು.

ಈಗ ಹನ್ನೊಂದು. ಗಾಳಿಗೆ ನಿಂತಿದ್ದ ಕೇಬಲ್ ಕಾರು ಹನ್ನೆರಡಕ್ಕೆ ಶುರುವಾಗುತ್ತದೆ. ಮೊದಲ ಡಬ್ಬಿಯಲ್ಲೇ ಇನ್‌ಸ್ಪೆಕ್ಟರು ಬೆಟ್ಟ ಹತ್ತುತ್ತಾರೆ. ಇಳಿಯುವಾಗ ಅವರ ಪಕ್ಕದಲ್ಲಿ ಮೇಷ್ಟ್ರ ಮಗ ಇರುತ್ತಾನೆ. ಏಕೆಂದರೆ ಅಪ್ಪನ ಧ್ವನಿಯನ್ನು ಅನುಕರಿಸುವುದು ಆ ಮನೆಯಲ್ಲಿ ಅವನೊಬ್ಬನಿಗೇ ಬರುತ್ತಿತ್ತು. ಮನೆಯಲ್ಲಿ ಅವನಿಗೆ ಇದ್ದ ಹೆಸರೇ ಗಿಳಿ.

"ಸರಿ, ಧ್ವನಿ ಬೇಡ," ಎಂದ ಉಡ. "ಮಾತು ಹೇಳು. ಮೊದಲನೇ ದಿನ?"

ಹೋಟೆಲು ಪಾಠಶಾಲೆಯ ವೇಷದಲ್ಲಿತ್ತು. ಕೋಣೆಗಳಿಗೆಲ್ಲ ತರಗತಿಗಳ ಹೆಸರು, ಮಂಚಗಳು ಡೆಸ್ಕಿನ ಆಕಾರ, ಮಸಿಕುಡಿಕೆಯ ತೂತಿನಲ್ಲಿ ದೀಪ. ಮ್ಯಾನೇಜರಿಗೆ ಹೆಡ್‌ಮಾಸ್ಟರ ಕೋಟು, ಕೈಯಲ್ಲಿ ಸ್ಪಂಜಿನ ಬೆತ್ತ. ರಿಸೆಪ್ಷನಿಸ್ಟಿನ ಎದೆಯ ಮೇಲೆ 'ಕ್ಲಾಸ್ ಟೀಚರ್' ಎಂಬ ಬಿಲ್ಲೆ. ದಿನಾ ಎಂಟಕ್ಕೆ ಅವಳು ಮೈಕಿನಲ್ಲಿ ಹಾಜರಿ ಕೂಗಬೇಕು. ಅತಿಥಿಗಳು ತಮ್ಮ ತಮ್ಮ ಕೋಣೆಯ ಗೋಡೆಯ ಡಬ್ಬಿಯ ಗುಂಡಿ ಒತ್ತಿ ಉತ್ತರ ಕೊಡಬೇಕು. ಕೋಣೆಯಲ್ಲಿ ಒಬ್ಬರು ಉತ್ತರ ಕೊಟ್ಟರೆ ಅಲ್ಲಿಯ ಎಲ್ಲ ನಂಬರಿಗೂ ಹಾಜರಿ ಬೀಳುತ್ತದೆ. ಒಬ್ಬರ ಉತ್ತರ ಎಲ್ಲ ಕೋಣೆಗೂ ಕೇಳುತ್ತದೆ. ಹಾಸಿಗೆಯಲ್ಲೇ ಬಿದ್ದುಕೊಂಡು ಹಾಜರಾಗುವ ಸುಖ ನಿಜವಾದ ಶಾಲೆಯಲ್ಲಿ ಎಲ್ಲಿತ್ತು!

"ಮೊದಲನೇ ದಿನ ನಾನು 'ನಂಬರ್ ಒಂದು' ಅಂದೆ. ಉತ್ತರ ಇಲ್ಲ. ಮತ್ತೆ ಅಂದೆ. ಇಲ್ಲ. ಮೂರನೇ ಸಲ ಬಂತು ನೋಡಿ: 'ಏನಮ್ಮಾ, ಎಂಟು ಹೊಡೆದು ಎರಡು ನಿಮಿಷ ಆಯ್ತು. ನಿನ್ನ ಗಡಿಯಾರಾನೂ ರಜೆಗೆ ಬಂದಿದೆಯಾ?' ಅಂತ. ಎಲ್ಲಾ ರೂಮಿಗೂ ಕೇಳ್ತು ಸಾರ್. ನನ್ನ ಮುಖ ಎಲ್ಲಿಡಲಿ?"

"ಎರಡನೇ ದಿನ?"

"ಅವತ್ತೂ ಮೂರು ಸಲ ಕರೆಸಿಕೊಂಡ್ರು. ಆಮೇಲೆ 'ಇಷ್ಟು ಸಣ್ಣ ಧ್ವನೀಲಿ ಕರೆದ್ರೆ ಹಾಜರಿ ಅಲ್ಲಮ್ಮ, ಭಿಕ್ಷೆ' ಅಂದ್ರು."

"ಇವತ್ತು?"

ಅವಳ ಮುಖ ಅರಳಿತು. ಅರಳಿದ್ದು ತಪ್ಪೆಂದು ಹೊಳೆದು ತಕ್ಷಣ ಮುದುಡಿತು. "ಇವತ್ತು 'ನಂಬರ್ ಒಂದು' ಅನ್ನೋದೇ ತಡ, 'ಹಾಜರ್' ಅಂದ್ಬಿಟ್ರು. ಅಷ್ಟೇ. ಖುಷಿಯಾಗಿ ಹೋಯ್ತು ಸಾರ್. ದೇವರು ಒಳ್ಳೇ ಬುದ್ಧಿ ಕೊಟ್ಟ ಅಂದ್ಕೊಂಡೆ."

"ಡಾಕ್ಟರ ಲೆಕ್ಕದಲ್ಲಿ, ಅಷ್ಟೊತ್ತಿಗೆ ದೇವರು ಅವರನ್ನೇ ಇಸ್ಕೊಂಡು ಎರಡು ಗಂಟೆ ಆಗಿತ್ತು."

ಅವಳ ಹಿಂದಿನ ಕರಿಹಲಗೆಯಲ್ಲಿ ಮುದ್ದಾದ ಅಕ್ಷರ: 'ಒಟ್ಟು 41. ಹಾಜರು 41. ಗೈರು ಇಲ್ಲ.' ಮ್ಯಾನೇಜರು ಡಸ್ಟರ್ ಹಿಡಿದು ಅದರ ಮುಂದೆ ಬಹಳ ಹೊತ್ತಿನಿಂದ ನಿಂತಿದ್ದ. ಗೈರು ಒಂದು ಎಂದು ಬರೆಯಬೇಕೋ, ಒಟ್ಟು ನಲವತ್ತಕ್ಕೆ ಇಳಿಸಬೇಕೋ, ಅವನಿಗೆ ಬಗೆಹರಿಯುತ್ತಿರಲಿಲ್ಲ.

"ಎರಡನ್ನೂ ಒರೆಸ್ರೀ," ಎಂದು ಹೇಳಿ ಉಡ ಒಳಗೆ ನಡೆದ.

*

ಗಿಳಿಯನ್ನು ಲಗೇಜು ಇಡುವ ಕೋಣೆಯಲ್ಲಿ ಕೂಡಿಹಾಕಿದ್ದರು. ಬಾಗಿಲ ಮೇಲೆ 'ಕ್ರೀಡಾ ಸಾಮಗ್ರಿ' ಎಂಬ ಬೋರ್ಡು. ಮೂವತ್ತನಾಲ್ಕು ವರ್ಷದ ಗಂಡಸು ಪರರ ಸೂಟ್‌ಕೇಸುಗಳ ನಡುವೆ ಮೊಣಕಾಲು ಮಡಚಿ ಕೂತಿದ್ದ. ಎಡಗಿವಿ ಇನ್ನೂ ಕೆಂಪಗಿತ್ತು.

ಆ ಕಿವಿಯ ಕಥೆ ಹೋಟೆಲಿಗೆಲ್ಲ ಗೊತ್ತು. ಮೊದಲನೇ ದಿನ ಊಟದ ಹಾಲಿನಲ್ಲಿ ಮೇಷ್ಟ್ರು ಮಗನನ್ನು ಬೆಂಚಿನ ಮೇಲೆ ಹತ್ತಿಸಿ ಹದಿನೇಳರ ಮಗ್ಗಿ ಕೇಳಿದ್ದರು. ಹದಿನೇಳು ಏಳಲ ಎಂಬಲ್ಲಿ ಅವನು ನಿಂತ. ಮೇಷ್ಟ್ರು ಸೊಸೆಯನ್ನು ಕರೆದು ಗಂಡನ ಕಿವಿ ಹಿಂಡಲು ಹೇಳಿದರು. ಅವಳು ನಾಚಿಕೊಂಡು ಮೆಲ್ಲಗೆ ಮುಟ್ಟಿದಳು. 'ಸೊಪ್ಪು ಬಿಡಿಸ್ತಿದೀಯಾ? ತಿರುವು' ಎಂದರು. ತಿರುವಿದಳು. ನಿನ್ನೆ ರಾತ್ರಿ ಊಟದಲ್ಲಿ ಮತ್ತದೇ ಮಗ್ಗಿ, ಮತ್ತದೇ ಏಳು, ಅದೇ ಕಿವಿ. ಇದೂ ಹೋಟೆಲಿನ ಕಾರ್ಯಕ್ರಮವೇ ಇರಬೇಕೆಂದುಕೊಂಡು ಉಳಿದ ಅತಿಥಿಗಳು ಎರಡೂ ದಿನ ಚಪ್ಪಾಳೆ ತಟ್ಟಿದ್ದರು.

ಉಡನೂ ತಟ್ಟಿದ್ದ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

"ಬೆಳಗ್ಗೆ ಆರಕ್ಕೆ ಎಲ್ಲಿದ್ದೆ?"

"ಕೆರೆ ಸುತ್ತ ತಿರುಗ್ತಿದ್ದೆ. ಒಬ್ಬನೇ. ಸಾಕ್ಷಿ ಬೇಕಂದ್ರೆ ಬಾತುಕೋಳಿ ಕರೆಸಿ."

"ಎಂಟಕ್ಕೆ?"

"ಕೇಬಲ್ ಕಾರ್ ಸ್ಟೇಷನ್ನಲ್ಲಿ ಕಾಫಿ ಕುಡೀತಿದ್ದೆ. ಅಲ್ಲಿ ಟಿಕೆಟ್ ಕೊಡೋನು ನನ್ನ ನೋಡಿದಾನೆ. ಆದ್ರೆ ಎಂಟು ಯಾರಿಗೆ ಬೇಕು ಹೇಳಿ? ಸತ್ತಿದ್ದು ಆರಕ್ಕಂತೆ, ಭಾವ ಹೇಳಿಯಾಯ್ತಲ್ಲ. ಎಂಟಕ್ಕೆ ನಾನು ಮೊದಲೇ ಧ್ವನಿ ರೆಕಾರ್ಡ್ ಮಾಡಿಟ್ಟು ಯಾರ ಕೈಲೋ ಹಾಕಿಸಿದೀನಿ ಅಂತೆ. ಅದೂ ಭಾವಾನೇ ಹೇಳಿದ್ದು. ಭಾವನಿಗೆ ಗೊತ್ತಿಲ್ಲದ್ದು ಏನಿದೆ?"

"ನಿಮ್ಮಪ್ಪನ್ನ ಮಾಡಿ ತೋರಿಸು."

ಗಿಳಿ ತಲೆಯೆತ್ತಿ ನೋಡಿದ. "ಈಗಲಾ?"

"ಈಗಲೇ. ಹಾಜರಿ ಕೂಗ್ತೀನಿ. ನಂಬರ್ ಒಂದು."

ಗಿಳಿ ಸುಮ್ಮನಿದ್ದ. ಉಡ ಮತ್ತೊಮ್ಮೆ ಕರೆದ. ಗಿಳಿ ಬೆನ್ನು ನೆಟ್ಟಗೆ ಮಾಡಿ, ಕೆಳತುಟಿಯನ್ನು ಒಳಗೆಳೆದುಕೊಂಡು, ಎದುರಿಗಿದ್ದವನನ್ನು ಕನ್ನಡಕವಿಲ್ಲದೆಯೇ ಕನ್ನಡಕದ ಮೇಲಿಂದ ನೋಡಿದ. ಉಡನಿಗೆ, ನಲವತ್ತೆಂಟು ವರ್ಷದ ಉಡನಿಗೆ, ತಾನು ಏನೋ ಮರೆತು ಬಂದಿದ್ದೇನೆ ಅನ್ನಿಸಿ ಅಂಗೈ ಬೆವರಿತು.

"ಕಂಡ್ರಾ?" ಗಿಳಿ ತನ್ನ ಮುಖಕ್ಕೆ ಮರಳಿದ. "ಅಪ್ಪನ್ನ ಮಾಡೋದು ಅಂದ್ರೆ ಮೊದಲು ಸುಮ್ಮನಿರೋದು. ಎದುರಿಗಿರೋರು ಬೇಯಬೇಕು. ಧ್ವನಿ ಆಮೇಲೆ. ಆ ಸುಮ್ಮನಿರೋದೇ ಐಟಮ್ಮು ಸಾರ್. ಅದನ್ನ ಬಿಟ್ಟು ಬರೀ 'ಹಾಜರ್' ಅಂತ ಕೂಗೋಕೆ ನಾನೇ ಯಾಕೆ ಬೇಕು? ಕೆಮ್ಮಿರೋ ಯಾವನಾದ್ರೂ ಕೂಗ್ತಾನೆ."

ಉಡನಿಗೆ ಬೇಕಾಗಿದ್ದು ಅದೇ. ಅಣಕಿಸುವವನು ಹೊಟ್ಟೆಗಿಲ್ಲದೆ ಇದ್ದಾನು, ಒಳ್ಳೆಯ ತುಣುಕನ್ನು ಮಾತ್ರ ಬಿಡಲಾರ. ಇವತ್ತು ಎಂಟಕ್ಕೆ ಉತ್ತರ ಕೊಟ್ಟ ಬಾಯಿಯಲ್ಲಿ ಮೇಷ್ಟ್ರ ಧ್ವನಿಯಿತ್ತು, ಮೇಷ್ಟ್ರ ಠೀವಿ ಇರಲಿಲ್ಲ. ಕರೆದ ತಕ್ಷಣ ಓಗೊಟ್ಟಿತ್ತು. ಅದು ಹಾಜರಿ ಕೂಗಿ ಅಭ್ಯಾಸವಿದ್ದವರ ಬಾಯಲ್ಲ. ಹಾಜರಿಗೆ ಹೆದರಿ ಅಭ್ಯಾಸವಿದ್ದವರ ಬಾಯಿ.

"ಎದ್ದೇಳು," ಎಂದ ಉಡ. "ಕ್ಲಾಸಿಗೆ ಹೊತ್ತಾಯ್ತು."

*

ಊಟದ ಹಾಲಿನ ಬೆಂಚುಗಳ ಮೇಲೆ ಮೇಷ್ಟ್ರ ಸಂಸಾರ ಸಾಲಾಗಿ ಕೂತಿತ್ತು. ಎರಡನೇ ನಂಬರು ಮೇಷ್ಟ್ರ ಹೆಂಡತಿ: ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ, ಒಂದು ಮಾತು ಆಡಿರಲಿಲ್ಲ. ಮೂರು ಮಗಳು, ನಾಲ್ಕು ಡಾಕ್ಟರ್ ಅಳಿಯ, ಐದು ಗಿಳಿ, ಆರು ಸೊಸೆ. ಗಿಳಿ ಬಂದು ಕೂತಾಗ ಸೊಸೆ ಒಂದು ಗೇಣು ಆಚೆ ಸರಿದಳು.

"ಏನಿದು ನಾಟಕ?" ಎಂದ ಡಾಕ್ಟರ್. ಒಳ್ಳೆಯ ಸ್ವೆಟರು, ಒಳ್ಳೆಯ ಕನ್ನಡಕ, ಒಳ್ಳೆಯ ನಿದ್ದೆ ಆದ ಮುಖ. "ಸಾವಿನ ಮನೆ ಇದು. ಇನ್‌ಸ್ಪೆಕ್ಟರ್ ಬರ್ತಾರೆ, ಅವರು ನೋಡ್ಕೋತಾರೆ. ನಾನು, ಇವಳು, ಗಿಳಿ ಹೆಂಡ್ತಿ, ಮೂರು ಜನಾನೂ ಆರು ಗಂಟೆಗೆ ಇದೇ ಹಾಲಲ್ಲಿ ಹೋಟೆಲಿನ ಡ್ರಿಲ್ ಮಾಡ್ತಿದ್ವಿ. ಫೋಟೋ ಹೊರಗೆ ಬೋರ್ಡಲ್ಲಿದೆ."

"ನೋಡಿದೆ. ನೀವೊಬ್ರೇ ಕ್ಯಾಮೆರಾ ನೋಡಿದೀರಿ. ಮಿಕ್ಕೋರೆಲ್ಲ ಕಾಲಿನ ತುದಿ ಮುಟ್ಟೋ ಕಷ್ಟದಲ್ಲಿದ್ರು."

"ಅಂದ್ರೆ?"

"ಅಂದ್ರೆ ಫೋಟೋ ಚೆನ್ನಾಗಿ ಬಂದಿದೆ."

ಮಗಳು ಮುಖ ಗಂಟಿಕ್ಕಿದಳು. "ಅಮ್ಮನಿಗೆ ರೆಸ್ಟ್ ಬೇಕು. ರಾತ್ರಿ ಇವರೇ ನಿದ್ದೆ ಮಾತ್ರೆ ಕೊಟ್ಟಿದ್ರು. ಒಂಬತ್ತರವರೆಗೂ ಎಚ್ಚರ ಇರ್ಲಿಲ್ಲ ಪಾಪ. ಕೇಳೋದಿದ್ರೆ ನನ್ನ ಕೇಳಿ."

"ಕೇಳೋದು ಏನೂ ಇಲ್ಲಮ್ಮ. ಒಂದು ಸಣ್ಣ ಕೆಲಸ. ಎಲ್ಲರೂ ಹೀಗೇ ಕೂತಿರಿ."

ಉಡ ಪಕ್ಕದ ಆಫೀಸಿಗೆ ಹೋದ. ನಡುವೆ ಗಾಜಿನ ಕಿಟಕಿ. ಅಲ್ಲಿಂದ ಐವರ ಮುಖವೂ ಕಾಣುತ್ತಿತ್ತು. ರಿಸೆಪ್ಷನಿಸ್ಟಳ ಕೈಯಿಂದ ಮೈಕು ತೆಗೆದುಕೊಂಡ.

"ಸಾರ್, ಏನು ಮಾಡ್ತೀರಿ?"

"ಪಾಪ ಮಾಡ್ತೀನಿ. ನೀನು ಆ ಕಡೆ ತಿರುಗು."

ಎರಡು ದಿನ ಗೋಡೆಯಾಚೆಯಿಂದ ಕೇಳಿದ ಧ್ವನಿಯನ್ನು ಉಡ ಗಂಟಲಿನಲ್ಲಿ ಹುಡುಕಿದ. ಹೊಗೆ ಹಿಡಿದ ಪಾತ್ರೆಯ ತಳ ಕೆರೆದಂಥ ಧ್ವನಿ. ಪದದ ಕೊನೆಯನ್ನು ಕತ್ತರಿಯಿಂದ ಕತ್ತರಿಸಿದಂತೆ ನಿಲ್ಲಿಸುವ ರೀತಿ. ಅದು ಸಿಕ್ಕಿತು. ಸಿಕ್ಕಿದ್ದಕ್ಕೆ ಅವನಿಗೆ ಒಂದು ಕ್ಷಣ ಸಂತೋಷವೂ ಆಯಿತು. ಅವನ ಜಾತಕವೇ ಅಷ್ಟು.

ಗೋಡೆಯ ಡಬ್ಬಿಗಳಿಂದ ಸತ್ತ ಮನುಷ್ಯ ಮಾತಾಡಿದ.

"ಹಾಜರಿ."

ಸೊಸೆ ಕಿರುಚಿದಳು. ಮಗಳು ಗಂಡನ ತೋಳು ಹಿಡಿದಳು. ಡಾಕ್ಟರ್ ಕೂಡಲೇ ಕಿಟಕಿಯ ಕಡೆ ತಿರುಗಿ ಉಡನನ್ನು ನೋಡಿದ. ಅವನಿಗೆ ಹೆದರಿಕೆ ಆಗಿರಲಿಲ್ಲ, ಸಿಟ್ಟು ಬಂದಿತ್ತು. ಗಿಳಿ ಕಣ್ಣು ಮುಚ್ಚಿಕೊಂಡ, ಇನ್ನೊಬ್ಬ ಕಲಾವಿದನ ತಪ್ಪು ಹುಡುಕುವವನಂತೆ.

"ಒಂದು."

ಎರಡನೇ ನಂಬರು ಎದ್ದು ನಿಂತಿತು.

ಎದ್ದದ್ದು ಅವರಿಗೆ ಗೊತ್ತಾದದ್ದೇ ನಿಂತ ಮೇಲೆ. ಎರಡೂ ಕೈ ಡೆಸ್ಕಿನ ಅಂಚಿಗೆ, ದೃಷ್ಟಿ ನೆಲಕ್ಕೆ. ತುಟಿ ಆಗಲೇ ತೆರೆದಿತ್ತು. ಶಬ್ದ ಹೊರಡುವ ಮೊದಲು ಬಲಗೈಯಿಂದ ಬಾಯಿ ಮುಚ್ಚಿಕೊಂಡರು.

*

"ಕೂತ್ಕೊಳ್ಳಿ ಅಮ್ಮಾ," ಎಂದ ಉಡ ಹಾಲಿಗೆ ಮರಳಿ ಬಂದು, ತನ್ನ ಸ್ವಂತ ಧ್ವನಿಯಲ್ಲಿ. ಆ ಧ್ವನಿ ಅವನಿಗೇ ಎರವಲು ತಂದದ್ದರಂತೆ ಕೇಳಿಸಿತು.

ಅವರು ಕೂರಲಿಲ್ಲ.

"ಬೆಳಗ್ಗೆ ಹಾಜರಿ ಹೇಳಿದ್ದು ನೀವು."

"ಹೂಂ."

ಗಿಳಿ ದಿಗಿಲುಬಿದ್ದು ನೋಡಿದ. "ಅಮ್ಮಾ? ನೀನಾ? ನಿನಗೆ ಬರುತ್ತಾ?"

"ನಲವತ್ತು ವರ್ಷ ಕೇಳಿದೀನಿ ಕಣೋ," ಎಂದರು ಅಮ್ಮ. ದಾರದಷ್ಟು ಸಣ್ಣ ಧ್ವನಿ. "ನಿನಗೆ ಬರೋದು ಜನ ನಗೋ ಅಷ್ಟು. ನನಗೆ ಉಳಿದಿದ್ದು."

"ಯಾರು ಹೇಳಿಸಿದ್ರು?" ಉಡ ಕೇಳಿದ.

"ಅವರೇ."

"ಯಾರು?"

"ಮೇಷ್ಟ್ರು." ಆಕೆ ಗಂಡನನ್ನು ಹಾಗೇ ಕರೆಯುತ್ತಿದ್ದುದು. ಟೀಚರ್ ಟ್ರೈನಿಂಗಿನಲ್ಲಿ ಆಕೆಗೆ ಪಾಠ ಹೇಳಿದವರು ಅವರೇ. ಮದುವೆಯಾದ ಮೇಲೆ ಟೀಚರಾಗಲು ಬಿಡದಿದ್ದವರೂ ಅವರೇ. "ನಿದ್ದೆ ಮಾತ್ರೆ ನಾನು ನುಂಗಿರ್ಲಿಲ್ಲ. ಏಳೂವರೆಗೆ ಎಬ್ಬಿಸ್ತೀನಿ ಅಂದಿದ್ರು. ಏಳದಿದ್ರೆ ಏನಾಗುತ್ತೆ ಅಂತ ನನಗೆ ಗೊತ್ತಿತ್ತು. ಎಬ್ಬಿಸಿ ಗೋಡೆ ಹತ್ರ ನಿಲ್ಲಿಸಿದ್ರು. 'ಇವತ್ತು ನನ್ನ ಹಾಜರಿ ನೀನು ಹೇಳು. ನನ್ನ ಧ್ವನೀಲಿ. ಆ ಹುಡುಗಿಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ನಿನಗೆ ತಿಂಡಿ ಇಲ್ಲ' ಅಂದ್ರು. ಅವರು 'ಒಂದು' ಅನ್ನೋದು, ನಾನು 'ಹಾಜರ್' ಅನ್ನೋದು. ಹನ್ನೆರಡು ಸಲ ತಪ್ಪಾಯ್ತು. ಒಂದೊಂದು ತಪ್ಪಿಗೆ ಒಂದೊಂದು..." ಎಡಗೈಯನ್ನು ಸೆರಗಿನೊಳಗೆ ಸರಿಸಿಕೊಂಡರು. "ಎಂಟಕ್ಕೆ ಸರಿಯಾಗಿ ಬಂತು. ಮೇಷ್ಟ್ರು ಪಕ್ಕದಲ್ಲೇ ನಿಂತು ನಗ್ತಿದ್ರು."

ಒಂದೊಂದಾಗಿ ಎಲ್ಲರಿಗೂ ಲೆಕ್ಕ ಕೂಡಿ ಬಂತು.

ಎಂಟಕ್ಕೆ ಮೇಷ್ಟ್ರು ನಗುತ್ತಿದ್ದರೆ ಆರಕ್ಕೆ ಸತ್ತಿರಲಿಲ್ಲ. ಆರಕ್ಕೆ ಸತ್ತಿರದಿದ್ದರೆ ಆರು ಗಂಟೆಯ ಡ್ರಿಲ್ಲು, ಫೋಟೋ, ಕ್ಯಾಮೆರಾ ನೋಡಿದ ಮುಖ, ಯಾವುದೂ ಕೆಲಸಕ್ಕೆ ಬಾರದು. ಆರು ಎಂದು ಹೇಳಿದವನು ಇಡೀ ಬೆಟ್ಟದ ಮೇಲೆ ಒಬ್ಬನೇ.

"ಎಂಟಾದ ಮೇಲೆ?" ಉಡ ಒಂದು ಹೆಜ್ಜೆ ಮುಂದೆ ಬಂದ.

"ಐದು ನಿಮಿಷಕ್ಕೆ ಬಾಗಿಲು ತಟ್ಟಿದ ಶಬ್ದ ಆಯ್ತು. ಹೊರಗಿಂದ ಯಾರೋ ಏನೋ ಅಂದ್ರು. ಮೇಷ್ಟ್ರು 'ಬಂದೆ' ಅಂತ ಚಪ್ಪಲಿ ಮೆಟ್ಕೊಂಡು ಹೋದ್ರು. ವಾಪಸ್ ಬರ್ಲಿಲ್ಲ."

"ಯಾರ ಧ್ವನಿ?"

ಅಮ್ಮ ಮಗಳ ಕಡೆ ನೋಡಿದರು. ಅಷ್ಟೇ. ಮತ್ತೆ ನೆಲ ನೋಡಿದರು.

ಬೆಳಗಿನಿಂದ ಆ ಹೆಂಗಸು ಬಾಯಿ ಬಿಡದೆ ಕೂತಿದ್ದು ಏಕೆಂದು ಉಡನಿಗೆ ಆಗ ತಿಳಿಯಿತು. ಬಾಯಿ ಬಿಟ್ಟರೆ ಮಗಳ ಸಂಸಾರ ಮುರಿಯುತ್ತದೆ. ಬಿಡದಿದ್ದರೆ ಮಗ ಜೈಲಿಗೆ ಹೋಗುತ್ತಾನೆ. ಎರಡು ಗಂಟೆ ಕಾಲ ಆಕೆ ಮಗನನ್ನು ಬಿಟ್ಟುಕೊಟ್ಟು ಕೂತಿದ್ದರು. ಈಗ ಅವನು, ಉಡ, ಸತ್ತವನ ಗಂಟಲಿನಿಂದ ಆಕೆಯನ್ನು ಎಬ್ಬಿಸಿ ನಿಲ್ಲಿಸಿದ್ದ.

"ಅತ್ತೇ," ಎಂದ ಡಾಕ್ಟರ್, ಜ್ವರ ಬಂದ ಮಗುವಿನ ಹತ್ತಿರ ಮಾತಾಡುವ ಹಾಗೆ. "ನಿನ್ನೆ ಏನು ವಾರ?"

"ಗುರುವಾರ."

"ಬುಧವಾರ ಅತ್ತೆ. ನಿನ್ನೆ ಬುಧವಾರ." ಎಲ್ಲರತ್ತ ನೋಡಿ ನಕ್ಕ. "ಆರು ತಿಂಗಳಿಂದ ಹೀಗೇ. ಗ್ಯಾಸ್ ಆರಿಸಲ್ಲ, ನಲ್ಲಿ ನಿಲ್ಲಿಸಲ್ಲ. ಏನೇ, ಹೇಳು ನೀನೇ."

ಮಗಳು ತಾಯಿಯನ್ನು ನೋಡದೆ ಹೇಳಿದಳು: "ಹೌದು. ಅಮ್ಮನಿಗೆ ಮರೆವು."

ಅಂದು ಶುಕ್ರವಾರ. ನಿನ್ನೆ ಗುರುವಾರವೇ. ಹಾಲಿನಲ್ಲಿದ್ದ ಪ್ರತಿಯೊಬ್ಬರಿಗೂ ಅದು ಗೊತ್ತಿತ್ತು. ಆದರೂ ಅಮ್ಮನ ಮುಖದಲ್ಲಿ ಒಂದು ಕ್ಷಣ ಸಂದೇಹ ಸುಳಿಯಿತು. ಡಾಕ್ಟರಿಗೆ ಬೇಕಾಗಿದ್ದು ಆ ಒಂದು ಕ್ಷಣವೇ.

"ನಿನ್ನೆ ಗುರುವಾರಾನೇ ಡಾಕ್ಟರೇ," ಎಂದ ಉಡ.

"ಹೌದಾ? ಇರಬಹುದು. ರಜೆಯಲ್ಲಿ ವಾರ ಯಾರಿಗೆ ನೆನಪಿರುತ್ತೆ?" ಡಾಕ್ಟರ್ ಕನ್ನಡಕ ತೆಗೆದು ಸ್ವೆಟರಿನ ಅಂಚಿಗೆ ಒರೆಸಿದ. "ಆಯ್ತು, ಅತ್ತೆ ಹೇಳಿದ್ದೇ ನಿಜ ಅಂದ್ಕೊಳ್ಳೋಣ. ಮಾವನ ಧ್ವನಿ ಮಾಡಿದ್ರು ಅಲ್ವಾ? ಮಾಡಲಿ. ಈಗಲೇ. 'ಹಾಜರ್' ಅನ್ನಿ ಅತ್ತೆ."

ಅಮ್ಮ ಬಾಯಿ ತೆರೆದರು. ಬಂದದ್ದು ಒಣ ಉಸಿರು. ಮತ್ತೊಮ್ಮೆ ಯತ್ನಿಸಿದರು. ಇಲಿಮರಿಯ ಕೀಚಲು.

"ಅವರು ಪಕ್ಕದಲ್ಲಿದ್ರೆ ಬರುತ್ತೆ," ಎಂದರು, ಕ್ಷಮೆ ಕೇಳುವಂತೆ.

ಸೊಸೆ ಕಿಸಕ್ಕನೆ ನಕ್ಕಳು. ಹೆದರಿಕೆಯ ನಗು. ಆದರೆ ನಗು ನಗುವೇ.

"ಇನ್ನೊಂದು ಮಾತಿದೆ ಅತ್ತೆ," ಡಾಕ್ಟರ್ ಬೆಂಚಿನಲ್ಲಿ ಮುಂದಕ್ಕೆ ಬಾಗಿದ. ಮಾತು ಇನ್ನಷ್ಟು ಮೃದುವಾಯಿತು. "ಎಂಟಕ್ಕೆ ಮಾವ ಬದುಕಿದ್ರು, ರೂಮಲ್ಲಿ ಇದ್ದದ್ದು ನೀವಿಬ್ರೇ, ಅವರು ನಿಮ್ಮನ್ನ ಹೊಡೀತಿದ್ರು ಅಂತ ನೀವೇ ಹೇಳ್ತಿದೀರಿ. ಬಾಗಿಲು ತಟ್ಟಿದೋರನ್ನ ಮಾತ್ರ ನೀವು ನೋಡಿಲ್ಲ. ಇದನ್ನ ಇನ್‌ಸ್ಪೆಕ್ಟರ್ ಹತ್ರ ಹೇಳಿ ನೋಡಿ, ಅವರು ಏನು ಬರ್ಕೋತಾರೆ ಅಂತ. ಕೊನೇ ಸಲ ಅವರ ಜೊತೆ ಇದ್ದೋರು ಯಾರು ಅಂತ ಬರ್ಕೋತಾರೆ?"

ಗಿಳಿಯ ತಲೆ ಸರಕ್ಕನೆ ಮೇಲೆದ್ದಿತು.

ಅದೇ ಹೊತ್ತಿಗೆ ಬಾಗಿಲು ತೆರೆಯಿತು. ಬೆಟ್ಟದ ತಣ್ಣನೆಯ ಗಾಳಿಯೊಡನೆ ಇನ್‌ಸ್ಪೆಕ್ಟರು ಒಳಗೆ ಬಂದರು, ಹಿಂದೆ ಒಬ್ಬ ಪೇದೆ. ಕೇಬಲ್ ಕಾರು ಹತ್ತು ನಿಮಿಷ ಬೇಗ ಶುರುವಾಗಿತ್ತು.

*

"ಓ, ಉಡ," ಎಂದರು ಇನ್‌ಸ್ಪೆಕ್ಟರು. "ಇಲ್ಲೂ ಕಚ್ಕೊಂಡಿದೀಯಾ? ಸರಿ, ಮೊದಲು ಇದು ಹೇಳಿ. ಎಂಟು ಗಂಟೆಗೆ ಸತ್ತವರ ಧ್ವನೀಲಿ ಮಾತಾಡಿದ್ದು ಯಾರು?"

ಅಮ್ಮ ಉಸಿರು ಎಳೆದುಕೊಂಡರು.

"ನಾನು," ಎಂದ ಗಿಳಿ.

"ಸುಳ್ಳು!" ಎಂದ ಉಡ. "ಎಂಟಕ್ಕೆ ಇವನು ಕೇಬಲ್ ಕಾರ್ ಸ್ಟೇಷನ್ನಲ್ಲಿದ್ದ. ಟಿಕೆಟ್ ಕೊಡೋನನ್ನ ಕೇಳಿ."

"ಇರ್ಲಿಲ್ಲ ಸಾರ್. ನಾನು ಹೇಳಿದ್ದೆಲ್ಲ ಸುಳ್ಳು. ಕೂಗಿದ್ದು ನಾನೇ, ಅಪ್ಪನ ರೂಮಿಂದಾನೇ. ಅಮ್ಮ ಮಾತ್ರೆ ತಗೊಂಡು ಮಲಗಿದ್ಲು. ಅವಳಿಗೆ ಏನೂ ಗೊತ್ತಿಲ್ಲ." ಗಿಳಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ, ಮಗ್ಗಿ ಒಪ್ಪಿಸುವವನಂತೆ. ಈ ಸಲ ಎಲ್ಲೂ ನಿಲ್ಲಲಿಲ್ಲ.

"ಹಾಗಾದ್ರೆ ಮಾಡಿ ತೋರಿಸು," ಎಂದರು ಇನ್‌ಸ್ಪೆಕ್ಟರು.

ಗಿಳಿ ಎದ್ದು ನಿಂತ. ಅರ್ಧ ಗಂಟೆಯ ಹಿಂದೆ ಲಗೇಜು ಕೋಣೆಯಲ್ಲಿ ಉಡನ ಅಂಗೈ ಬೆವರಿಸಿದ್ದ ಕಲಾವಿದ ಈಗ ಎಲ್ಲೋ ಹೊರಟುಹೋಗಿದ್ದ. "ಹಾಜರ್" ಎಂದ. ಹೊರಬಂದದ್ದು ಬರೀ ನೆಗಡಿಯಾದ ಗಿಳಿ.

ಇನ್‌ಸ್ಪೆಕ್ಟರು ಮೇಷ್ಟ್ರ ಮಾತನ್ನು ಒಮ್ಮೆಯೂ ಕೇಳಿದವರಲ್ಲ. ಸಾಲಿನ ತುದಿಯಿಂದ ಶುರು ಮಾಡಿದರು. "ಇದೇನಾ ಧ್ವನಿ?"

"ಇದೇ," ಎಂದಳು ಸೊಸೆ, ಗಂಡನನ್ನು ನೋಡದೆ.

"ಇದೇ ಸಾರ್," ಎಂದ ಡಾಕ್ಟರ್. "ತದ್ರೂಪ."

ಮಗಳು ಗಂಡನತ್ತ ತಿರುಗಿದಳು. ಡಾಕ್ಟರ್ ಅವಳ ಮೊಣಕೈ ಮೇಲೆ ಕೈಯಿಟ್ಟ. "ಹೌದು," ಎಂದಳು.

"ಎಲ್ಲಾ ಸುಳ್ಳು! ನಾನು ಎರಡು ದಿನ ಪಕ್ಕದ ರೂಮಲ್ಲಿದ್ದು ಕೇಳಿದೀನಿ—"

"ಇವತ್ತು ಎಂಟಕ್ಕೆ ಕೇಳಿದೀಯಾ?"

ಉಡ ಎಂಟಕ್ಕೆ ಸ್ನಾನದ ಮನೆಯಲ್ಲಿದ್ದ, ತನ್ನ ನಂಬರಿಗೆ ಇನ್ನೂ ಹೊತ್ತಿದೆಯೆಂದು ನಲ್ಲಿ ಪೂರ್ತಿ ತಿರುಗಿಸಿ. "ಇಲ್ಲ."

"ಹಾಗಾದ್ರೆ ಬಾಯಿ ಮುಚ್ಚು." ಇನ್‌ಸ್ಪೆಕ್ಟರು ಕಣ್ಸನ್ನೆ ಮಾಡಿದರು. ಪೇದೆ ಗಿಳಿಯ ಬಲಗೈಗೆ ಬೇಡಿ ಹಾಕಿದ. ಕ್ಲಿಕ್ಕೆಂದಿತು. ಗಿಳಿಯ ಮುಖದಲ್ಲಿ ವಿಚಿತ್ರವಾದ ನೆಮ್ಮದಿ, ಕೊನೆಗೂ ಸರಿಯುತ್ತರ ಹೇಳಿದ ಹುಡುಗನದು.

ಇನ್‌ಸ್ಪೆಕ್ಟರು ಸಾಲಿನ ಕೊನೆಗೆ ಬಂದರು. "ತಾಯಿ, ನೀವೊಬ್ರು ಹೇಳ್ಬಿಡಿ. ಇದು ನಿಮ್ಮ ಯಜಮಾನರ ಧ್ವನಿನಾ?"

ಅಮ್ಮ ಮಗನ ಕೈಯ ಬೇಡಿ ನೋಡಿದರು. ಮಗ ತಲೆಯಾಡಿಸಿದ: ಹೌದನ್ನು, ಅಮ್ಮಾ. ಕಣ್ಣಿನಲ್ಲೇ ಬೇಡಿಕೊಂಡ.

ಅವರು ಏನೂ ಹೇಳಲಿಲ್ಲ. ಇನ್‌ಸ್ಪೆಕ್ಟರು ಮತ್ತೆ ಕೇಳಿದರು. ಆಗಲೂ ಹೇಳಲಿಲ್ಲ. ಬೆನ್ನು ನೆಟ್ಟಗಾಯಿತು. ಗದ್ದ ಮೇಲೆದ್ದಿತು. ಹಾಲಿನಲ್ಲಿ ಎಲ್ಲರ ಉಸಿರೂ ಸಣ್ಣದಾಯಿತು. ಏಕೆಂದು ಯಾರಿಗೂ ತಿಳಿಯಲಿಲ್ಲ, ಆದರೆ ಮೈಗೆಲ್ಲ ಗೊತ್ತಿತ್ತು.

"ಕೂತ್ಕೋ," ಎಂದಿತು ಮೇಷ್ಟ್ರ ಧ್ವನಿ. "ಅಪ್ಪನ ಹಾಗೆ ಒಂದು ಮಾತಾಡೋಕೆ ಬರಲ್ಲ. ಸುಳ್ಳು ಹೇಳೋಕೂ ಬರಲ್ಲ. ಯಾವುದಕ್ಕೆ ಲಾಯಕ್ಕೋ ನೀನು?"

ಪಾತ್ರೆಯ ತಳ ಕೆರೆದ ಶಬ್ದ. ಕತ್ತರಿಸಿದ ಪದಗಳು. ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ.

ಗಿಳಿ ಕುಸಿದು ಕೂತ, ಬೇಡಿ ಹಿಡಿದಿದ್ದ ಪೇದೆಯನ್ನೂ ಎಳೆದುಕೊಂಡು. ಎದ್ದು ನಿಲ್ಲಲು ಹೊರಟಿದ್ದ ಮಗಳು ಕೂತಳು. ಸೊಸೆ ಬೆಂಚಿಗೆ ಅಂಟಿಕೊಂಡಳು. ಹೊರಗೆ ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದ ಮ್ಯಾನೇಜರು ಸ್ಪಂಜಿನ ಬೆತ್ತವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ಅಮ್ಮ ಬಾಯಿ ಮುಚ್ಚಿದರು. ಮತ್ತೆ ತೆರೆದಾಗ ಅದೇ ಸಣ್ಣ ಧ್ವನಿ. "ಹುಡುಗನ್ನ ಬಿಡಿ ಸಾರ್. ಕೂಗಿದ್ದು ನಾನು."

"ಎಂಟಕ್ಕೆ ನಿಮ್ಮ ಯಜಮಾನ್ರು ಎಲ್ಲಿದ್ರು?"

"ನನ್ನ ಪಕ್ಕದಲ್ಲಿ."

"ಬೇರೆ ಯಾರಿದ್ರು?"

"ಯಾರೂ ಇರ್ಲಿಲ್ಲ."

"ಬಾಗಿಲು ತಟ್ಟಿದ್ದು ಹೇಳಿ ಅಮ್ಮಾ!" ಉಡ ಕೂಗಿದ. "ಯಾರ ಧ್ವನಿ ಅಂತ ಹೇಳಿ!"

ಮಗಳ ಬೆರಳುಗಳು ಡೆಸ್ಕಿನ ಅಂಚಿನಲ್ಲಿ ಬೆಳ್ಳಗಾಗಿದ್ದವು. ಅಮ್ಮ ಆ ಬೆರಳುಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಯಾರೂ ತಟ್ಟಲಿಲ್ಲ," ಎಂದರು.

ಡಾಕ್ಟರ್ ಕನ್ನಡಕವನ್ನು ಮೆಲ್ಲಗೆ ಮೂಗಿಗೇರಿಸಿಕೊಂಡ.

ಇನ್‌ಸ್ಪೆಕ್ಟರು ಕೀಲಿ ತೆಗೆದು ಗಿಳಿಯ ಕೈಯಿಂದ ಬೇಡಿ ಬಿಡಿಸಿದರು. ಬಿಡಿಸಿದ್ದನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ. ಅಮ್ಮ ಆಗಲೇ ಸೆರಗಿನೊಳಗಿಂದ ಎಡಗೈಯನ್ನು ಹೊರಗೆ ಚಾಚಿ ಹಿಡಿದಿದ್ದರು, ಬಾಸುಂಡೆಗಳು ಮೇಲ್ಮುಖವಾಗಿ. ಇನ್‌ಸ್ಪೆಕ್ಟರು ಅವನ್ನು ಒಂದೊಂದಾಗಿ ಎಣಿಸತೊಡಗಿದರು, ಕೊಲೆಗೆ ಕಾರಣ ಸಿಕ್ಕಿತೆಂಬಂತೆ.